ಹಂಚು

ಕೋಡಿಬಾಗದ ಇಗರ್ಜಿಗೆ ನಾನು ಬಂದಿಳಿದ ದಿನ
ಪಾದ್ರಿ ಕಾಯ್ತಾನ್ ನನ್ನ ಹೆಸರು ಕೇಳಲಿಲ್ಲ.
‘ಏಣಿ ಹಿಡಿ’ ಎಂದರು.
ಅರವತ್ತೆಂಟರ ಮುದುಕ, ಲುಂಗಿ ಮೇಲೆತ್ತಿ ಕಟ್ಟಿ,
ಮಾಡು ಹತ್ತಿ ಒಡೆದ ಹಂಚು ಎಣಿಸುತ್ತಿದ್ದರು.
ಸೆಮಿನರಿಯ ಏಳು ವರ್ಷದ ದೇವಶಾಸ್ತ್ರ
ಕೆಳಗೆ ನಿಂತು ಏಣಿ ಹಿಡಿದಿತ್ತು.

ಮೊದಲ ಭಾನುವಾರ ನನ್ನ ಪ್ರಬೋಧನೆ.
ಚೆನ್ನಾಗಿಯೇ ಇತ್ತು. ಗ್ರೀಕ್ ಶಬ್ದ ಮೂರು ಬಂದವು,
ಕೊನೆಯಲ್ಲಿ ಧ್ವನಿ ತುಸು ನಡುಗಿಸಿದ್ದೆ ಕೂಡ.
ಊಟಕ್ಕೆ ಕೂತಾಗ ಬಂಗಡೆಯ ಮುಳ್ಳು ಬಿಡಿಸುತ್ತ ಕೇಳಿದರು:
‘ಎಡಗಂಬದ ಹತ್ತಿರ ಅಳುತ್ತ ಕೂತಿದ್ದಳಲ್ಲ, ಯಾರು?’
ನಾನು ನೋಡಿರಲಿಲ್ಲ.
‘ಹೋಗಲಿ. ಮುಂದಿನ ವಾರ ನೋಡು.’
ಅಷ್ಟೇ. ಮತ್ತೆ ಅನ್ನಕ್ಕೆ ಸಾರು.

ಸಂತರೇನಲ್ಲ. ಬೀಡಿ ಸೇದುತ್ತಿದ್ದರು,
ಗಾಯನದವರು ಶ್ರುತಿ ತಪ್ಪಿದರೆ ವೇದಿಕೆಯಿಂದಲೇ ಕಣ್ಣು ಕೆಕ್ಕರಿಸುತ್ತಿದ್ದರು,
ಒಮ್ಮೆ ಮದುವೆಯ ಪೂಜೆಯಲ್ಲಿ
ಮದುಮಗನ ಬದಲು ಅವನಣ್ಣನ ಹೆಸರು ಹೇಳಿ
ಇಡೀ ಇಗರ್ಜಿ ಉಸಿರು ಹಿಡಿದಿತ್ತು.

ಆ ವರ್ಷ ಮಾಡಿನ ಹಂಚು ಬದಲಿಸಲು
ಮನೆಮನೆ ತಿರುಗಿ ನಲವತ್ತು ಸಾವಿರ ಕೂಡಿಸಿದ್ದೆವು.
ಮೇ ತಿಂಗಳಲ್ಲಿ ಪೆಟ್ಟಿಗೆ ತೆರೆದರೆ ಅದರಲ್ಲಿ ಹದಿನಾಲ್ಕು.
ಬೈತ್‌ಕೋಲದ ಪುರ್ಸು ಹರಿಕಂತ್ರನ ದೋಣಿಗೆ ಇಂಜಿನ್ ಬಂದಿತ್ತು.
‘ಅವನು ನಮ್ಮ ಇಗರ್ಜಿಯವನೇ ಅಲ್ಲ’ ಎಂದಿತು ಸಮಿತಿ,
ಗಂಟಲು ನರ ಉಬ್ಬಿಸಿ, ಒಂದೇ ಬಾಯಿಂದ.

ಲೆಕ್ಕದ ಪುಸ್ತಕ ನನ್ನ ಮುಂದಿಟ್ಟರು: ‘ಬರೆ. ನಿನ್ನ ಅಕ್ಷರ ದುಂಡಗಿದೆ.’
‘ದುರಸ್ತಿ ಅಂತ ಬರೆಯಲೇ?’ ಮೆಲ್ಲಗೆ ಕೇಳಿದೆ.
ನಕ್ಕರು. ‘ದುರಸ್ತಿಯೇ ಮಾರಾಯ. ಆದರೆ ಹಾಗೆ ಬರೆಯಬೇಡ.’
ಪುಟದ ತಲೆಯಲ್ಲಿ ಮೊದಲೇ ಇತ್ತು, ಹಂಚು ಎಂಬ ಮಾತು.
ಅದರ ಕೆಳಗೆ ಅವರು ಹೇಳಿದಂತೆ ಬರೆದೆ:
ಪುರ್ಸು ಹರಿಕಂತ್ರ, ಇಂಜಿನ್‌ಗೆ, ಇಪ್ಪತ್ತಾರು ಸಾವಿರ,
ಯಾರನ್ನೂ ಕೇಳದೆ.

ಭಾನುವಾರ ಪ್ರಬೋಧನೆ ಇರಲಿಲ್ಲ.
ವೇದಿಕೆಯ ಮೆಟ್ಟಿಲಿಳಿದು, ಜನರ ಸಮಕ್ಕೆ ನಿಂತು ಹೇಳಿದರು:
‘ಕೊಟ್ಟದ್ದು ತಪ್ಪಲ್ಲ, ಅದಕ್ಕೆ ಕ್ಷಮೆ ಕೇಳುವುದಿಲ್ಲ.
ನಿಮ್ಮನ್ನು ಕೇಳದ್ದು ತಪ್ಪು. ಅದಕ್ಕೆ ಕೇಳುತ್ತೇನೆ.’
ಯಾರೋ ಎದ್ದು ಹೊರಗೆ ಹೋದರು. ಮಗುವೊಂದು ಕೆಮ್ಮಿತು.
ಕಾಳಿ ಸೇತುವೆಯ ಮೇಲೆ ಲಾರಿಯ ಹಾರ್ನು.
ಆ ಮಳೆಗಾಲವಿಡೀ ಐದನೇ ಬೆಂಚಿನ ಹತ್ತಿರ
ಬಕೆಟ್ ಇಟ್ಟು ಪೂಜೆ ನಡೆಸಿದೆವು.
ಪುರ್ಸು ಅರ್ಧ ತೀರಿಸಿದ. ಉಳಿದರ್ಧ ಹಾಗೇ ಇದೆ.

ಅವರನ್ನು ಮಣ್ಣು ಮಾಡಿ ಹತ್ತೊಂಬತ್ತು ವರ್ಷ.
ಈಗ ನಾನೇ ಇಲ್ಲಿಯ ವಿಗಾರ್, ಮಂಡಿ ನೋವಿನವ;
ಯಲ್ಲಾಪುರದ ಕಡೆಯಿಂದ ಬಂದ ಮಿಂಗೆಲ್ ಸಿದ್ದಿ,
ಅಭಿಷೇಕವಾಗಿ ಎಂಟು ತಿಂಗಳ ಹುಡುಗ, ನನ್ನ ಕೈಕೆಳಗೆ.
(ಕೈಕೆಳಗೆ! ಮುದುಕ ಕೇಳಿದ್ದರೆ ಬೀಡಿ ಎಸೆಯುತ್ತಿದ್ದರು.)

ನಿನ್ನೆ ಊಟದ ಹೊತ್ತಿಗೆ ಮಿಂಗೆಲ್ ಕೇಳಿದ:
‘ಫಾದರ್, ಇಸಬೆಲಮ್ಮನ ಮನೆಗೆ ಹೋಗಿ ಬಂದಿರಾ?
ರಾತ್ರಿ ಕಳೆಯುವುದು ಕಷ್ಟ ಅಂದಿದ್ದರು.’
‘ಹ್ಞೂಂ’ ಅಂದೆ.
ಹೋಗಿರಲಿಲ್ಲ. ಬಿಸಿಲಿತ್ತು, ಮೆಟ್ಟಿಲು ಬಹಳ,
ಆಮೇಲೆ ಕ್ರಿಕೆಟ್ಟಿತ್ತು.
ಸುಳ್ಳು ಎಷ್ಟು ಹಗುರವಾಗಿ ಬಂತೆಂದರೆ
ಮುಳ್ಳು ಕೂಡ ಅಷ್ಟು ಸಲೀಸಾಗಿ ಇಳಿಯುವುದಿಲ್ಲ.

ಹನ್ನೊಂದಕ್ಕೆ ಅವನ ಬಾಗಿಲು ತಟ್ಟಿದೆ.
ಹಿಂದೆ ಹೇಳಿಕೊಡಬೇಕೆಂದು ಬರೆದಿಟ್ಟ ಮಾತುಗಳೆಲ್ಲ,
ನಾಯಕನ ಗುಣ, ಕುರುಬನ ಗುಣ, ಒಂದೂ ಬಾಯಿಗೆ ಬರಲಿಲ್ಲ.
‘ಮಿಂಗೆಲ್, ನಾನು ಹೋಗಿರಲಿಲ್ಲ.’

ಅವನು ನನ್ನ ಮುಖ ನೋಡಿದ, ತುಂಬ ಹೊತ್ತು.
ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ.
ಗೂಟದಿಂದ ಅಂಗಿ ತೆಗೆದು ಗುಂಡಿ ಹಾಕಿಕೊಳ್ಳುತ್ತ
‘ಎಣ್ಣೆಯ ಡಬ್ಬಿ ನಾನು ತರುತ್ತೇನೆ’ ಎಂದ.
‘ನೀವು ಟಾರ್ಚ್ ಹುಡುಕಿ.’