ಹಿಟ್ಟು

ಆರು ವರ್ಷ ನನ್ನನ್ನು ಕಂಡರಾಗದ ನಾಯಿ ಅದು, ಫರೂಷ್ಕು.
ಎಡಗಾಲ ಮೀನಖಂಡದಲ್ಲಿ ಅದರ ಎರಡು ಹಲ್ಲಿನ ರುಜು ಇದೆ,
ಟಪಾಲು ಮುಟ್ಟಿದ್ದಕ್ಕೆ ರಸೀದಿ.

ಮಂಗಳವಾರ ಅದು ಬೊಗಳಲಿಲ್ಲ.
ಸ್ಕೂಟರು ಆರಿಸಿ ಗೇಟಿನ ಹೊರಗೆ ನಿಂತೆ.
ಸುಣ್ಣದ ಗೋಡೆ, ನೀಲಿ ಪಟ್ಟಿ, ಎಸ್ತ್ರೆಮೋಶಿನ ಬಿಸಿಲು.
ಬಾಗಿಲ ಹಿಂದೆ ಬೆಲ್ಮೀರುವಿನ ನಿದ್ದೆ:
ರಾತ್ರಿಯೆಲ್ಲ ಊರಿಗೆ ಬ್ರೆಡ್ಡು ಸುಡುವವನಿಗೆ
ಹಗಲೇ ಇರುಳು.

ಬುಧವಾರವೂ ಇಲ್ಲ.
ಗುರುವಾರ ಎದ್ದು ಬಂತು. ಓಡಿ ಅಲ್ಲ, ನಡೆದು.
ಕಲ್ಲುಹಾಸಿನ ಮೇಲೆ ಟಿಕ್, ಟಿಕ್, ಟಿಕ್,
ಯಾರದೋ ಎತ್ತರದ ಚಪ್ಪಲಿ ಮೆಟ್ಟಿ ಬಂದ ಹಾಗೆ.
ಉಗುರು. ಇಷ್ಟುದ್ದ, ಕೊಕ್ಕೆಯಂತೆ ಬಾಗಿ.
ಕಂಬಿಯ ಸಂದಿಯಿಂದ ಮೂತಿ ಚಾಚಿ ನನ್ನ ಕೈ ಮೂಸಿತು.
ಆ ಮೂಸಿದ್ದಕ್ಕೆ ಹೆದರಿದಷ್ಟು
ಅದರ ಹಲ್ಲಿಗೆ ನಾನು ಎಂದೂ ಹೆದರಿರಲಿಲ್ಲ.

ಎಬ್ಬಿಸಿದೆ. ಕಣ್ಣುಜ್ಜುತ್ತ ಬಂದ.
"ವಯಸ್ಸಾಯ್ತಲ್ಲ ದೆಯೊಲಿಂದಾ, ನನಗೂ ಮಂಡಿನೋವು."
ಎಂಟು ವರ್ಷಕ್ಕೆ ಎಂಥ ವಯಸ್ಸು?
"ಊಟ ಮಾಡ್ತಾನೆ." ಮಾಡಬಹುದು.
ಬೆನ್ನ ಮೇಲೆ ಕೈಯಿಟ್ಟರೆ ಮೂಳೆ ಎಣಿಸಬಹುದು.
"ಮೈಮೇಲೆ ಬಿಳೀ ಪುಡಿ?"
"ಹಿಟ್ಟು ಅದು, ನನ್ನ ಅಂಗೀದು.
ಬಂದ ಕೂಡಲೇ ಮೈಮೇಲೆ ಬೀಳ್ತಾನಲ್ಲ."

ಬೆರಳಲ್ಲಿ ತೆಗೆದು ಬಿಸಿಲಿಗೆ ಹಿಡಿದೆ.
ಹಿಟ್ಟು ಉಜ್ಜಿದರೆ ಮಾಯ. ಇದು
ಹೊಟ್ಟಿನ ಹಾಗೆ ಬೆರಳಲ್ಲೇ ಉಳಿಯಿತು.
ಕಣ್ಣ ಸುತ್ತ ಕೂದಲುದುರಿ, ಯಾರೋ ಕನ್ನಡಕ ಬರೆದಂತೆ.
"ಇಲ್ಲೂ ಹಿಟ್ಟೇ?"
ಅವನು ತನ್ನ ಅಂಗೈ ನೋಡಿಕೊಂಡ,
ಕತ್ತಲಲ್ಲೂ ಹಿಟ್ಟಿನ ಹದ ಬಲ್ಲ ಅಂಗೈ.

ಮರಳುನೊಣ, ಅಂದಳು ಡಾಕ್ಟರು.
ಸಂಜೆ ಹೊತ್ತು ಕಚ್ಚುವ, ಸದ್ದೇ ಮಾಡದ ಚೂರು ನೊಣ.
ರಕ್ತ ಎವೊರಾಕ್ಕೆ ಹೋಯಿತು.
ವಾಸಿ ಅನ್ನಲಿಲ್ಲ, ಹತೋಟಿ ಅಂದಳು.
ದಿನಕ್ಕೆರಡು ಗುಳಿಗೆ, ಬಹುಶಃ ಕೊನೆಯತನಕ.
ಬೆಲ್ಮೀರು ಅದನ್ನು ಬ್ರೆಡ್ಡಿನ ಮೆದುವಿನಲ್ಲಿ ಅಡಗಿಸುತ್ತಾನೆ.
ಬೆಳಗ್ಗೆ ಬಂದವನು ಬಾಗಿಲಲ್ಲೇ ಅಂಗಿ ಕಳಚಿ,
ಮೊಣಕೈವರೆಗೆ ತೊಳೆದು, ಆಮೇಲೆ ನಾಯಿ ಮುಟ್ಟುತ್ತಾನೆ:
ಬಿಳಿ ಕಂಡರೆ ಅದು ತನ್ನದಲ್ಲ
ಎಂದು ಗೊತ್ತಾಗಲಿ ಅಂತ.

ಅಕ್ಟೋಬರಿನಲ್ಲಿ ಲ್ಯಾಬಿನ ಬಿಲ್ಲು ನಾನೇ ತಂದೆ,
ದಪ್ಪ ಬೂಟು ಹಾಕಿಕೊಂಡೇ.
ಫರೂಷ್ಕು ತಲೆಯೆತ್ತಿತು. ಗಂಟಲಲ್ಲಿ ಏನೋ ಗುರುಗುಟ್ಟಿ
ಮತ್ತೆ ಮಲಗಿತು.

ಡಬ್ಬಿಗೆ ಹಾಕಿದ ಕಾಗದ ಹೊರಗೆ ತೆಗೆದು
ಇನ್ನೊಮ್ಮೆ ಹಾಕಿದೆ,
ಸದ್ದಾಗುವ ಹಾಗೆ.