ಹದಿನೇಳು ಕಣ್ಣು

ಸಂತೆಯಲ್ಲಿ ಕೊಂಡದ್ದು, ನೂರ ಎಂಬತ್ತು ರೂಪಾಯಿ.
ತಗಡಿನ ಮೈ, ಹದಿನೇಳು ಪುಟ್ಟ ಕಣ್ಣು,
ಜೊತೆಗೆ ಎರಡು ಬ್ಯಾಟರಿ, ಒಂದು ವಯರು.
ಮಾರುವವ ನಡುಹಗಲಲ್ಲೇ ಒತ್ತಿ ತೋರಿಸಿದ.
ಹಗಲಲ್ಲಿ ಟಾರ್ಚಿನ ಯೋಗ್ಯತೆ ತಿಳಿದವರುಂಟೆ?

ರಾತ್ರಿ ಗೋದಾಮಿನ ಮೂಲೆಗೆ ನಿಂತು ಬಿಟ್ಟೆ.
ಬೆಳಕು ಕಾಲಬುಡದಲ್ಲೇ ಹರಡಿ ಕೂತಿತು
ಚೆಲ್ಲಿದ ಗಂಜಿಯ ಹಾಗೆ.
ಹದಿನೇಳು ಕಣ್ಣಿದ್ದರೂ
ಹದಿನೇಳು ಮಾರು ಕಾಣದು.

ಆದರೂ ಅದು ಬೇಕು.
ಸಿದ್ದಾಪುರದ ಈಚೆಯ ಈ ತೋಟದಲ್ಲಿ
ಹಲಸು ಹಣ್ಣಾದದ್ದು ಆನೆಗೆ ಮೊದಲು ಗೊತ್ತು,
ಆಮೇಲೆ ನನಗೆ,
ಕೊನೆಗೆ ಸಾಹುಕಾರರಿಗೆ.

ರಾತ್ರಿ ಕಾವಲು, ಹಗಲು ನಿದ್ದೆ.
ನಾನು ಮಲಗುವಾಗ ಟಾರ್ಚೂ ಮಲಗುತ್ತಿತ್ತು
ಮಗಳ ಕಂಬಳಿಯ ಮೇಲೆ
ವಯರಿನ ಹೊಕ್ಕುಳಬಳ್ಳಿ ಹಿಡಿದು.
ಇನ್ನೊಂದು ಬ್ಯಾಟರಿ ಜೇಬಲ್ಲಿ:
ಬೀಗದ ಕೈ, ಚಿಲ್ಲರೆ, ತಗಡಿನ ಸುಣ್ಣದ ಡಬ್ಬಿ,
ಎಲ್ಲಕ್ಕೂ ಒಂದೇ ಜೇಬು.
ಒಂದು ರಾತ್ರಿ ತೊಡೆ ಸುಡುವಷ್ಟು ಬಿಸಿಯಾಯಿತು.
ಜ್ವರವೇನೋ ಅಂದುಕೊಂಡೆ.

ಆಸ್ಯಮ್ಮನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ.
ಗಡಿಯಾರ ರಿಪೇರಿಯ ಗಂಡ ಹೋದ ಮೇಲೆ
ಗಡಿಯಾರಗಳೂ ಹೋದವು;
ಈಗ ಮೊಬೈಲು, ಮಿಕ್ಸಿ, ನನ್ನಂಥವರ ಟಾರ್ಚು.
ಬ್ಯಾಟರಿಯನ್ನು ಅಂಗೈಯಲ್ಲಿ ತೂಗಿ ನಕ್ಕಳು:
"ಒಂಬತ್ತು ಸಾವಿರದ ಒಂಬೈನೂರು ಅಂತ ಬರೆದಿದೆ.
ಒಳಗೆ ಎಂಟುನೂರಿದ್ದರೆ ನಿನ್ನ ಪುಣ್ಯ.
ಆಡಿನ ಮೈಮೇಲೆ ಆನೆ ಅಂತ ಬರೆದರಾಯಿತೆ, ಚುಬ್ರ?"

ಮತ್ತೆ ಮೂಸಿದಳು. ನಗು ನಿಂತಿತು.
"ಈ ಸಿಹಿ ವಾಸನೆ ಯಾವಾಗಿಂದ?"
ಮಗಳು ಉಗುರಿಗೆ ಬಣ್ಣ ಹಚ್ಚಿದ್ದಾಳೆ
ಅಂದುಕೊಂಡಿದ್ದೆ, ಅಂದೆ.

ಅವಳು ಮಾತಾಡಲಿಲ್ಲ.
ಬಾಗಿಲ ಹೊರಗೆ ಮರಳು ತುಂಬಿದ ಹಳೇ ಬಿಸ್ಕತ್ತಿನ ಡಬ್ಬ,
ಅದರೊಳಗೆ ಎರಡನ್ನೂ ಹೂತಳು,
ಕಾವಿಗೆ ಮೊಟ್ಟೆ ಇಡುವಷ್ಟು ಮೆತ್ತಗೆ.
ನಾನು ಜಗಳವಾಡಿದೆ. ದುಡ್ಡು ಕೊಟ್ಟವನು ನಾನು ತಾನೆ?
"ಬೇಕಾದರೆ ನನ್ನ ಕೈ ಕಡಿ. ಅವನ್ನು ಕೊಡೆ."

ಹೊಸದು ಒಂದೇ ಕೊಂಡೆ, ಟಾರ್ಚಿಗಿಂತ ದುಬಾರಿ,
ಎರಡು ಕಂತು.
ಕೈಗೆ ತೂಕ ಬಂತು, ಕಲ್ಲಿನ ಹಾಗೆ ನಿಜ.
ಪ್ಲಾಸ್ಟಿಕ್ ಡಬ್ಬಿಯೊಂದನ್ನೂ ಕೊಟ್ಟಳು,
ಹಿಂದೆ ಗಡಿಯಾರದ ಮುಳ್ಳುಗಳಿದ್ದದ್ದು:
"ಬಿಚ್ಚಿ ಒಯ್ಯುವಾಗ ಇದರಲ್ಲಿ. ಸುಣ್ಣಕ್ಕೆ ಬೇರೆ ಜೇಬು."
"ರಾತ್ರಿ ಚಾರ್ಜಿಗಿಟ್ಟು ಮಲಗಬೇಡ" ಅಂತ ಶುರುಮಾಡಿ
ತಾನೇ ತಡೆದಳು.
"ನಿನಗೆ ರಾತ್ರಿ ಯಾವುದು?"
ಮಧ್ಯಾಹ್ನ, ಅಂದೆ.
"ಹಾಗಾದರೆ ಮಧ್ಯಾಹ್ನ ಬೇಡ."

ಅವತ್ತೇ ಒಂಟಿಸಲಗ ಹಲಸಿನ ಬುಡಕ್ಕೆ ಬಂತು.
ಬಿದಿರು ಮುರಿದು ತಿಳಿಸಿತು,
ಗಾಳಿಯಲ್ಲಿ ಮೈವಾಸನೆ ಕಳಿಸಿತು
ಬರುತ್ತಿದ್ದೇನೆ, ಸರಿದುಕೋ ಅಂತ.
ಅದರ ಕಣ್ಣಿಗೆ ಬೆಳಕು ಬಿಡಲಿಲ್ಲ;
ನೆಲಕ್ಕೆ ಬಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿದೆ.
ಗೋದಾಮಿನ ಗೋಡೆ ಬೆನ್ನಿಗೆ ತಾಗಿದಾಗ ಹೊಳೆಯಿತು:
ಅವೂ ತಿಳಿಸಿದ್ದವು.
ಒಂದು ತೊಡೆ ಸುಟ್ಟು,
ಒಂದು ಮಗಳ ಕಂಬಳಿಯ ಮೇಲಿಂದ
ಸಿಹಿಯಾಗಿ, ಹಗಲೆಲ್ಲ,
ಸಲಗದಷ್ಟೇ ಮರ್ಯಾದೆಯಿಂದ.

ಕಾಲು ನಡುಗಿದ್ದು ಆಗ.

ಈಗ ಸಂಜೆ ನಾಲ್ಕಕ್ಕೆ ಎದ್ದು ಮುಖ ತೊಳೆದು
ಲೈನುಮನೆಯ ಹೊರಗೆ ಒರಳುಕಲ್ಲಿನ ಮೇಲೆ ಇಡುತ್ತೇನೆ.
ಹತ್ತಿರ ಬಟ್ಟೆಯಿಲ್ಲ, ಸೌದೆಯಿಲ್ಲ.
ಒಲೆಯ ಹಾಲು ಕಾಯುವ ಹಾಗೆ ಕಾಯುತ್ತೇನೆ,
ಕೆಂಪು ಹಸಿರಾದ ಕೂಡಲೇ ವಯರು ಕೀಳುತ್ತೇನೆ.
ಅಮ್ಮಿಣಿ ಪಕ್ಕದಲ್ಲಿ ಕೂತು ಕಣ್ಣು ಎಣಿಸುತ್ತಾಳೆ:
ಎರಡು ಸತ್ತಿವೆ, ಹದಿನೈದು.
"ಇವು ಎಷ್ಟು ದಿನ, ಅಪ್ಪಾ?"
ಗೊತ್ತಿಲ್ಲ ಮಗಾ.

ಅವಳ ಬೆರಳು ಹಿಡಿದು ಮೂಸಿ ನೋಡಿದೆ.
ಬಣ್ಣವೇ.