ಕುಂಬಳಕಾಯಿಯ ಸವಾರಿ

ಅಂಗನವಾಡಿಯ ತಕ್ಕಡಿಯಲ್ಲಿ ದೇಚು ಎಂಟೂಮುಕ್ಕಾಲು ಕೇಜಿ.
ಗೋಣಿಕೊಪ್ಪದ ಸಂತೆಯಲ್ಲಿ ಅಷ್ಟೇ ತೂಗುವ ಕುಂಬಳಕಾಯಿ ಹುಡುಕಿದೆ.
ಮನೆಯಲ್ಲಿ ಮದುವೆಯಾ ಅಕ್ಕ? ಅಂದ ಅಂಗಡಿಯವ.
ಅಲ್ಲ, ಸೈಕಲ್ಲಿಗೆ, ಅಂದೆ.

ಅಂಚೆ ಚೀಲ ಬರುವುದು ಒಂಬತ್ತಕ್ಕೆ.
ಅಷ್ಟರೊಳಗೆ ಇವಳನ್ನು ಅಮ್ಮನ ಮನೆ ಮುಟ್ಟಿಸಬೇಕು:
ಎರಡೂವರೆ ಕಿಲೋಮೀಟರು, ನಾಲ್ಕು ಹಂಪು,
ಕಾಫಿ ತುಂಬಿದ ಪಿಕಪ್ಪುಗಳು ಹಾರನ್ನು ಮರೆತು ಬರುವ ಒಂದು ತಿರುವು.

ಬೆನ್ನಿಗೆ ಕಟ್ಟಿಕೊ, ಅಂದರು ಅತ್ತೆ,
ಪೆಟ್ಟಿಗೆಯಿಂದ ತಮ್ಮ ಕೆಂಪು ವಸ್ತ್ರ ತೆಗೆದು.
ನಿನ್ನ ಗಂಡನನ್ನು ಕಟ್ಟಿಕೊಂಡೇ ನಾನು ನಾಟಿ ಮಾಡಿದ್ದು.
ನಿಜ ಅತ್ತೆ. ಗದ್ದೆ ಬೀಳಿಸಿದರೂ ಕೆಸರಿಗೆ ಬೀಳಿಸುತ್ತದೆ.
ರಸ್ತೆಯಲ್ಲಿ ನಾನು ಬೆನ್ನಡಿಯಾದರೆ
ಅವಳೇ ನನ್ನ ಹಾಸಿಗೆ.

ಮುಂದಿನ ಬಾರಿನ ಮೇಲೆ ಪುಟ್ಟ ಸೀಟು ಕೂರಿಸೋಣ, ಅಂದ ಮೊಯ್ದುಕಾಕ,
ಕಣ್ಣೆದುರೇ ಇರ್ತಾಳೆ ಮಗಳು.
ಆಮೇಲೆ ಸೈಕಲ್ ನೋಡಿ ತಾನೇ ನಕ್ಕ.
ಲೇಡೀಸ್ ಸೈಕಲ್ಲು. ಬಾರೆಲ್ಲಿದೆ?

ಉಳಿದದ್ದು ಹಿಂದಿನ ಕ್ಯಾರಿಯರು.
ಆ ಮಾತಿಗೇ ನನ್ನ ಎಡ ಹಿಮ್ಮಡಿ ಚುರುಕ್ಕೆಂದಿತು.
ಆರು ವರ್ಷ ಆಗ. ಅಪ್ಪ ತುಳಿಯುತ್ತಿದ್ದರು, ನಾನು ಕಾಲಾಡಿಸುತ್ತಿದ್ದೆ.
ಕಡ್ಡಿಗಳು ಎಳೆದುಕೊಂಡದ್ದು ನೆನಪಿಲ್ಲ.
ಅಪ್ಪ ನನ್ನನ್ನೆತ್ತಿ ಓಡಿದ್ದು, ಅವರ ಭುಜದ ಮೇಲಿಂದ ನೋಡಿದರೆ
ಬಿದ್ದ ಸೈಕಲ್ಲಿನ ಚಕ್ರ ಸುಮ್ಮನೆ ತಿರುಗುತ್ತಲೇ ಇದ್ದದ್ದು, ಅದು ನೆನಪಿದೆ.
ಇವತ್ತಿಗೂ ಆ ಕಾಲಿಗೆ ಚಪ್ಪಲಿಯ ಪಟ್ಟಿ ಕೂರುವುದಿಲ್ಲ.

ಮೊಯ್ದುಕಾಕ ಕೇಳಿಸಿಕೊಂಡ, ಏನೂ ಹೇಳಲಿಲ್ಲ.
ಎಣ್ಣೆಡಬ್ಬಿ ಸೀಳಿ, ಅಂಚು ಮಡಚಿ,
ಚಕ್ರದ ಎರಡೂ ಮಗ್ಗುಲಿಗೆ ತಗಡು ಬಡಿದ.
ಬೆತ್ತದ ಕುರ್ಚಿಗೆ ತಲೆಗಿಂತ ಎತ್ತರದ ಬೆನ್ನು, ಕಾಲಿಡಲು ಹಲಗೆ,
ಗುಜರಿ ಜೀಪಿನ ಬೆಲ್ಟು, ಎರಡೂ ಹೆಗಲ ಮೇಲಿಂದ.

ಭಾನುವಾರ ಕುಂಬಳಕಾಯಿಯನ್ನು ಕೂರಿಸಿ ಹೊರಟೆ.
ಹಂಪು ದಾಟಿತು. ಇಳಿಜಾರು ದಾಟಿತು.
ಶಾಲೆ ಮಕ್ಕಳು ಟಾಟಾ ಮಾಡಿದರು ಅದಕ್ಕೆ.
ಗೆದ್ದೆ ಅಂದುಕೊಂಡು, ಬೋಪಣ್ಣನ ಗೇಟಿನ ಮುಂದೆ
ಸ್ಟ್ಯಾಂಡು ಹಾಕಿ ಒಂದು ಮಾತಾಡಲು ತಿರುಗಿದೆ.
ದಡ್!
ಓಡುವಾಗ ಬೀಳಲಿಲ್ಲ. ನಿಂತಾಗ ಬಿತ್ತು,
ಸೈಕಲ್ಲು ಸಮೇತ.
ಬೋಪಣ್ಣ ನಗುತ್ತಿದ್ದ. ನನಗೆ ತಿರುಗಿ ನೋಡಲು ಆಗಲಿಲ್ಲ,
ಬರೀ ಕಾಯಿ ಅಂತ ಗೊತ್ತಿದ್ದೂ.

ಈಗ ಎರಡು ಕಾಲಿನ ಸ್ಟ್ಯಾಂಡಿದೆ.
ಆ ರಾತ್ರಿ ಕುಂಬಳಕಾಯಿಯನ್ನು ಅತ್ತೆಯೇ ಹೆಚ್ಚಿದರು.
ಕಡಂಬುಟ್ಟಿನ ಜೊತೆ ಎಲ್ಲರೂ ಉಂಡರು,
ನಾನು ಮಾತ್ರ ಉಪ್ಪಿನಕಾಯಿ ಹಾಕಿಸಿಕೊಂಡೆ.

ಸಿಸ್ಟರ್ ಶೈನಿ ದೇಚುವನ್ನು ಮೇಜಿನ ಮೇಲೆ ಕೂರಿಸಿ
ಕೈ ಬಿಟ್ಟು ನೋಡಿದರು. ಮೆಲ್ಲಗೆ ಎಡಕ್ಕೆ ವಾಲಿದಳು.
ಕುತ್ತಿಗೆ ನಿಂತಿದೆ, ಬೆನ್ನು ಇನ್ನೂ ನಿಂತಿಲ್ಲ. ವರ್ಷ ತುಂಬಲಿ.

ಹಾಗಾಗಿ ಅರ್ಧ ಗಂಟೆ ಮುಂಚೆ ಹೊರಡುತ್ತೇನೆ.
ಅತ್ತೆಯ ವಸ್ತ್ರ ಕಡೆಗೂ ಕೆಲಸಕ್ಕೆ ಬಂತು:
ಎದೆಗೆ ಕಟ್ಟಿದ ಮಗಳು, ತಳ್ಳಿಕೊಂಡು ಹೋಗುವ ಸೈಕಲ್ಲು,
ಕುರ್ಚಿಯಲ್ಲಿ ಬೆಲ್ಟು ಹಾಕಿಕೊಂಡು ನನ್ನ ಊಟದ ಡಬ್ಬಿ.

ಇನ್ನೊಂದು ಉಳಿದಿದೆ.
ಹಲಸು ಹಣ್ಣಾಗುವ ತಿಂಗಳು ತಿತಿಮತಿ ಕಡೆಯಿಂದ ಆನೆ ಇಳಿಯುತ್ತವೆ.
ತಿರುವಿನಲ್ಲಿ ಎದುರಾದರೆ ಸೈಕಲ್ಲು ಅಲ್ಲೇ ಬಿಟ್ಟು ಓಡಬೇಕು, ಅವಳೊಂದಿಗೆ.
ಬಿಗಿಯಾಗಿ ಕಟ್ಟು ಅಂದವರೇ ಎಲ್ಲ.
ಬಿಚ್ಚುವುದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ.
ಅವಳ ಬೆರಳಿಗೆ ಬಿಡಬಾರದು ಆ ಕೊಂಡಿ,
ನನ್ನ ಒಂದೇ ಕೈಗೆ ಬಿಡಬೇಕು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಗೆ ಬಂದು,
ದೀಪ ಹಾಕದೆ, ಎಡಗೈಯಲ್ಲಿ, ಕಲಿಯುತ್ತಿದ್ದೇನೆ.
ಒಂದು, ಎರಡು,
ಮೂರು ಅನ್ನುವುದರೊಳಗೆ ಬಿಚ್ಚಬೇಕು.
ನಿನ್ನೆ ನಾಲ್ಕಕ್ಕೆ ಬಿಚ್ಚಿತು.